ಗಂಡುಮಕ್ಕಳ ಕೈಗೆ ಏನು ಕೊಡಬೇಕು? ಹುಬ್ಬಳ್ಳಿ-ಧಾರವಾಡ ಪೇಟೆಯ ಸಾಮಾನುಗಳ ವಿಮರ್ಶೆ

ದುರ್ಗದ ಬೈಲಿನ ಸುತ್ತಮುತ್ತ ಯಾವ ಆಟಿಕೆ ಅಂಗಡಿ ಹೊಕ್ಕರೂ ಮೊದಲು ಕೇಳುವುದು ಒಂದೇ ಮಾತು: "ಹುಡುಗಗೋ, ಹುಡುಗಿಗೋ?" ಹುಡುಗ ಅಂದರೆ ಜೆಸಿಬಿ, ಬಂದೂಕು, ರಿಮೋಟ್ ಕಾರು ಮುಂದೆ ಬಂದು ಬೀಳುತ್ತವೆ. ಹುಡುಗಿ ಅಂದರೆ ಕಿಚನ್ ಸೆಟ್ಟು, ಮೇಕಪ್ ಪೆಟ್ಟಿಗೆ, ಗೊಂಬೆ. ಅಂಗಡಿಯವರನ್ನು ಬೈದು ಉಪಯೋಗವಿಲ್ಲ, ದಿನವೂ ಗಿರಾಕಿಗಳು ಕೇಳುವುದನ್ನೇ ಅವರು ಕೈಗೆ ಸಿಗುವ ಹಾಗೆ ಇಟ್ಟಿರುತ್ತಾರೆ. ಗಂಡೋ ಹೆಣ್ಣೋ ಹೇಳದೆ ವಯಸ್ಸು ಮತ್ತು ಕೆಲಸ ಹೇಳಿ ನೋಡಿ. "ನಾಕು ವರ್ಷದ ಕೂಸು, ಬಟ್ಟಿ ಹಾಕಿ ತಗಿಯೋವಂಥಾ ಗೊಂಬಿ ಬೇಕಾಗೇದ" ಅಂದರೆ ಅದೇ ಅಂಗಡಿಯ ಒಳಗಿನ ಕಪಾಟಿನಿಂದ ಬೇರೆ ಸಾಮಾನು ಹೊರಗೆ ಬರುತ್ತದೆ.

ಮಗನನ್ನು "ಇದು ಹೆಂಗಸರ ಕೆಲಸ, ಅದು ಗಂಡಸರ ಕೆಲಸ" ಎಂಬ ಗೆರೆಯಿಲ್ಲದೆ ಬೆಳೆಸಬೇಕು ಅನ್ನುವವರು ಆಟಿಕೆ ಅಂಗಡಿಯಲ್ಲಿ ಕಡಿಮೆ, ಭಾಂಡೆ (ಪಾತ್ರೆ) ಅಂಗಡಿಯಲ್ಲಿ ಮತ್ತು ಟೇಲರಿಂಗ್ ಸಾಮಾನಿನ ಅಂಗಡಿಯಲ್ಲಿ ಹೆಚ್ಚು ದುಡ್ಡು ಹಾಕುವುದು ಒಳ್ಳೆಯದು. ಕಾರಣ ಮಕ್ಕಳ ವಯಸ್ಸಿನಲ್ಲೇ ಇದೆ. ಮೂರರ ಹೊತ್ತಿಗೆ ಕೂಸು ತಾನು ಗಂಡೋ ಹೆಣ್ಣೋ ಹೇಳುತ್ತದೆ. ಐದರಿಂದ ಏಳರ ನಡುವೆ ಆ ಗೆರೆ ತೀರಾ ಬಿಗಿಯಾಗುತ್ತದೆ. ಆಗ ಗುಲಾಬಿ ಬಣ್ಣದ ಸಾಮಾನು ತಂದು ಮುಂದಿಟ್ಟರೆ ಹುಡುಗ ತಾನಾಗಿಯೇ "ಇದು ಹುಡುಗ್ಯಾರದು" ಎಂದು ದೂಡುತ್ತಾನೆ. ಆದ್ದರಿಂದ ಗೊಂಬೆ, ಅಡಿಗೆ ಆಟಿಕೆ ಕೊಡುವುದಿದ್ದರೆ ನಾಲ್ಕರೊಳಗೆ ಕೊಡಬೇಕು. ಆರು ದಾಟಿದ ಮೇಲೆ ಆಟಿಕೆಗಿಂತ ಕೈಗೆ ಒಪ್ಪುವ ನಿಜವಾದ ಸಾಮಾನೇ ನಡೆಯುತ್ತದೆ. ಹಿಟ್ಟು ನಾದುವ ಸ್ಟೀಲಿನ ಪರಾತಕ್ಕೂ ಕಬ್ಬಿಣದ ಹಂಚಿಗೂ ಗುಲಾಬಿ ಬಣ್ಣ ಇರುವುದಿಲ್ಲವಲ್ಲ.

ಪ್ಲಾಸ್ಟಿಕ್ ಕಿಚನ್ ಸೆಟ್ಟು ಕೊಳ್ಳಬೇಡಿ. ಬರೀ ಬಣ್ಣದ ಮಾತಲ್ಲ ಇದು. ಗ್ಯಾಸ್ ಒಲೆಯ ಗುಂಡಿ ತಿರುಗುವುದಿಲ್ಲ, ಸೌಟು ಬೋಗುಣಿಯೊಳಗೆ ಹಿಡಿಸುವುದಿಲ್ಲ, ಅಂಟು ಕೂಡಿಸಿದ ಕಡೆಯಲ್ಲಿ ಚೂಪು ಅಂಚು ಉಳಿದಿರುತ್ತದೆ, ಎರಡು ವಾರಕ್ಕೆ ಸಿಂಕಿನ ನಲ್ಲಿ ಮುರಿಯುತ್ತದೆ. ಪೆಟ್ಟಿಗೆಯ ಮೇಲೆ ಹುಡುಗಿಯ ಚಿತ್ರ ಇದ್ದರೆ ಅದನ್ನು ಹರಿದು ಒಗೆದು ಬರೀ ಸಾಮಾನು ಕೊಡಿ, ಚಿತ್ರವೇ ಅರ್ಧ ಪಾಠ ಹೇಳಿಬಿಡುತ್ತದೆ. ಕೊಳ್ಳಲೇಬೇಕಾದರೆ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗೆ ಅದು ಕಡ್ಡಾಯ. ಬ್ಯಾಟರಿ ಇಲ್ಲದ ಆಟಿಕೆಗೆ ಐಎಸ್ 9873, ಬ್ಯಾಟರಿ-ಕರೆಂಟಿನದಕ್ಕೆ ಐಎಸ್ 15644. ನೋಂದಾಯಿತ ಕರಕುಶಲದವರಿಗೆ ಮತ್ತು ಜಿಐ (ಭೌಗೋಳಿಕ ಸೂಚಕ) ಹೆಸರಿನ ಆಟಿಕೆ ಮಾಡುವವರಿಗೆ ವಿನಾಯಿತಿ ಇದೆ, ಹೀಗಾಗಿ ಚನ್ನಪಟ್ಟಣದ ಮರದ ಅಡಿಗೆ ಸೆಟ್ಟಿನ ಮೇಲೆ ಗುರುತು ಕಾಣದಿದ್ದರೆ ಗಾಬರಿ ಬೇಡ. ಅದು ಚೆಲೋ ಸಾಮಾನು, ಅರಗಿನ ಬಣ್ಣ ಬಾಯಿಗೆ ಹೋದರೂ ಹೆದರಿಕೆ ಕಡಿಮೆ. ಆದರೆ ನೀರಿನಲ್ಲಿ ನೆನೆಸಿಟ್ಟರೆ ಅರಗು ಮಂಕಾಗಿ ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಗೊಂಬೆಯಲ್ಲಿ ನೋಡಬೇಕಾದದ್ದು ಮೂರು. ಮೈ ಬಟ್ಟೆಯದಿರಬೇಕು, ಉದ್ದ ಒಂದು ಅಡಿಯ ಆಸುಪಾಸು ಇರಬೇಕು, ಅಂಗಿ ತೆಗೆದು ಹಾಕಲು ಬರಬೇಕು. ಪೇಟೆಯ ಬಹಳಷ್ಟು ಗೊಂಬೆಗಳ ಅಂಗಿಯನ್ನು ಬೆನ್ನಿಗೆ ಅಂಟಿಸಿಯೋ ಟಾಕಿ ಹಾಕಿಯೋ ಬಿಟ್ಟಿರುತ್ತಾರೆ. ಕೊಳ್ಳುವ ಮುಂಚೆ ಅಂಗಡಿಯಲ್ಲೇ ಎತ್ತಿ ನೋಡಿ. ಗೊಂಬೆ ಆಟದ ಸಾರವೇ ಉಣಿಸುವುದು, ಮಲಗಿಸುವುದು, ತೊಯ್ದ ಅಂಗಿ ಬದಲಿಸುವುದು. ಅಂಗಿ ಬರದಿದ್ದರೆ ಅದು ನೋಡುವ ಗೊಂಬೆ ಅಷ್ಟೆ. ಮೂರು ವರ್ಷದ ಕೈಗೆ ವೆಲ್ಕ್ರೋ, ಐದರ ಕೈಗೆ ದೊಡ್ಡ ಗುಂಡಿ. ತೆಳ್ಳನೆ ಕಾಲಿನ ಫ್ಯಾಷನ್ ಗೊಂಬೆ ಈ ಆಟಕ್ಕೆ ಬಾರದು, ಅದನ್ನು ಎತ್ತಿಕೊಳ್ಳಲೂ ಆಗದು. ಮಾತಾಡುವ ಗೊಂಬೆಯೂ ಬೇಡ, ಅದೇ ಮಾತಾಡಿದರೆ ಹುಡುಗ ಏನು ಮಾತಾಡಬೇಕು? ಇನ್ನು ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಮನೆಯಲ್ಲೇ ಗೊಂಬೆ ಹೊಲಿಯುವವರು ಅರಳೆಯನ್ನೇ ತುಂಬಿ. ಭಾರ ಬರಲಿ ಎಂದು ಜೋಳ, ಅಕ್ಕಿ ತುಂಬಿದರೆ ಮಳೆಗಾಲಕ್ಕೆ ಹುಳ ಬೀಳುತ್ತದೆ, ಹೊಲಿಗೆ ಬಿಚ್ಚಿದ ದಿನ ಕಾಳು ಕೂಸಿನ ಮೂಗಿಗೆ ಹೋಗುತ್ತದೆ. ಗುಂಡಿಯ ಕಣ್ಣು ಮೂರು ವರ್ಷದೊಳಗೆ ಬೇಡವೇ ಬೇಡ, ದಾರದಲ್ಲೇ ಕಣ್ಣು ತೆಗೆಯಿರಿ.

ಮಣ್ಣೆತ್ತಿನ ಅಮಾವಾಸ್ಯೆ ಹತ್ತಿರ ಬಂದಾಗ ಕೊಳ್ಳಬೇಕಾದದ್ದು ಮಣ್ಣು, ಎತ್ತಲ್ಲ. ನಮ್ಮ ಕಡೆ ಗಂಡುಹುಡುಗರಿಗೆ ಎತ್ತು, ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳಿಗೆ ಮಣ್ಣಿನ ಗೊಂಬೆ ಗುಳ್ಳವ್ವ ಎಂದು ಹಬ್ಬವೇ ಪಾಲಾಗಿದೆ. ಕುಂಬಾರರ ಹತ್ತಿರ ಹದ ಮಾಡಿದ ಮಣ್ಣನ್ನೇ ಕೇಳಿ ತಂದರೆ ಎರಡನ್ನೂ ಇಬ್ಬರೂ ಮಾಡಬಹುದು, ಪೂಜೆಗೇನೂ ಕುಂದು ಬರುವುದಿಲ್ಲ. ಹೊಲದ ಎರೆ ಮಣ್ಣನ್ನು ಹಾಗೇ ತಂದು ಮಾಡಿದರೆ ಮರುದಿನ ಎತ್ತಿನ ಬೆನ್ನು ಸೀಳಿರುತ್ತದೆ. ಕರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಅಷ್ಟೇ ಕುಗ್ಗುತ್ತದೆ. ಅದೇ ಮಣ್ಣಾದರೆ ನಾಲ್ಕು ಪಾಲಿಗೆ ಒಂದು ಪಾಲು ಸಣ್ಣ ಉಸುಕು ಬೆರೆಸಿ ಚೆನ್ನಾಗಿ ತುಳಿಯಬೇಕು, ನೆರಳಲ್ಲಿ ಒಣಗಿಸಬೇಕು. ಕೋಡು, ಕೈ ಅಂಟಿಸುವ ಕಡೆ ಎರಡೂ ಮೈಯನ್ನು ಗೀರಿ, ಮಣ್ಣು ಕದಡಿದ ನೀರು ಸವರಿ ಒತ್ತಿದರೆ ಕಳಚುವುದಿಲ್ಲ. ಕಣ್ಣಿಗೆ ಗುಲಗಂಜಿ ಒತ್ತುವ ರೂಢಿ ಇರುವ ಮನೆಯವರು ಎಚ್ಚರ ಇರಬೇಕು: ಗುಲಗಂಜಿ ಬೀಜ ವಿಷ, ಜಗಿದು ನುಂಗಿದರೆ ಜೀವಕ್ಕೆ ಅಪಾಯ. ಸಣ್ಣ ಮಕ್ಕಳಿದ್ದಲ್ಲಿ ಕುಸುಬಿ ಕಾಳೇ ಸಾಕು.

ಇನ್ನು ಭಾಂಡೆ ಅಂಗಡಿ. ಏಳೆಂಟು ವರ್ಷದ ಹುಡುಗನಿಗೆ ಹತ್ತು ಇಂಚಿನ ಸ್ಟೀಲ್ ಪರಾತ, ಏಳೆಂಟು ಇಂಚಿನ ಕಬ್ಬಿಣದ ಹಂಚು, ಹಿಡಿ ಗಟ್ಟಿಯಿರುವ ಚಿಮಟಾ, ತುದಿ ದುಂಡಗಿರುವ ನಾಲ್ಕು ಇಂಚಿನ ಗರಗಸದ ಅಂಚಿನ ಚಾಕು ತೆಗೆದುಕೊಳ್ಳಿ. ಒಂದು ದೊಡ್ಡ ಕಿಚನ್ ಸೆಟ್ಟಿನ ದುಡ್ಡಿಗೆ ಹೆಚ್ಚುಕಡಿಮೆ ಇಷ್ಟೂ ಬರುತ್ತವೆ, ಇವನ ಮದುವೆಯಾಗುವ ತನಕ ಬಾಳುತ್ತವೆ. ಈಳಿಗೆ ಮಾತ್ರ ಹನ್ನೆರಡರ ತನಕ ದೂರ ಇಡಿ. ಚಾಕುವಿಗೆ ಮೊದಲು ಬಾಳೆಹಣ್ಣು, ಬೇಯಿಸಿದ ಆಲೂಗಡ್ಡೆ, ಆಮೇಲೆ ಸೌತೆಕಾಯಿ. ಗಜ್ಜರಿಯನ್ನು ಉದ್ದಕ್ಕೆ ಸೀಳಿ ಮಟ್ಟಸ ಮಾಡಿಕೊಡದಿದ್ದರೆ ಅದು ಉರುಳಿ ಬೆರಳು ಕೊಯ್ಯುತ್ತದೆ. ಮೊಂಡ ಚಾಕು ಸುರಕ್ಷಿತ ಎಂದು ತಿಳಿದವರು ಬಹಳ. ಮೊಂಡಾದಷ್ಟೂ ಹುಡುಗ ಬಲ ಹಾಕಿ ಒತ್ತುತ್ತಾನೆ, ಜಾರುವುದು ಆಗಲೇ.

ಜೋಳದ ರೊಟ್ಟಿಯಿಂದ ಶುರು ಮಾಡುವುದು ಕಷ್ಟ ಎಂದು ಚಪಾತಿ ಹೇಳಿಕೊಡುತ್ತಾರೆ. ನಮ್ಮ ಅಭಿಪ್ರಾಯ ತಿರುಗಾಮುರುಗಾ. ಲಟ್ಟಣಿಗೆಯನ್ನು ಸಮನಾಗಿ ಆಡಿಸುವುದಕ್ಕಿಂತ ಅಂಗೈಯಿಂದ ಬಡಿಯುವುದು ಸಣ್ಣ ಮಕ್ಕಳಿಗೆ ಬೇಗ ಕೂಡುತ್ತದೆ, ಸದ್ದೂ ಬರುವುದರಿಂದ ಬೇಸರವಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟು ಇಲ್ಲ, ಅದಕ್ಕೆ ಜಿಗಿ ತರುವುದು ಕುದಿಯುವ ನೀರು. ಒಂದು ವಾಟಗಾ (ಬಟ್ಟಲು) ಹಿಟ್ಟಿಗೆ ಮುಕ್ಕಾಲು ವಾಟಗಾ ನೀರು, ಹಿಟ್ಟು ಕೇಳಿದರೆ ಇನ್ನೊಂದು ಗುಟುಕು. ನೀರು ಹಾಕುವುದು ದೊಡ್ಡವರ ಕೆಲಸ, ಸೌಟಿನಿಂದ ಕಲಸಿ ಎರಡು ಮೂರು ನಿಮಿಷ ಬಿಟ್ಟು, ಬಿಸಿ ಕೈಗೆ ತಾಳುವಷ್ಟಾದಾಗ ಪರಾತವನ್ನು ಹುಡುಗನ ಮುಂದಕ್ಕೆ ಸರಿಸಿ. ಅಂಗೈಯ ಬುಡದಿಂದ ದೂಡಿ ನಾದಬೇಕು, ಬೆರಳಿನಿಂದ ಹಿಸುಕಬಾರದು. ಲಿಂಬೆಹಣ್ಣಿನಷ್ಟು ಉಂಡೆ, ಕೆಳಗೆ ಧಾರಾಳ ಒಣ ಹಿಟ್ಟು, ನಾಲ್ಕು ಇಂಚು ಅಗಲವಾದರೆ ಸಾಕು. ಅಂಚು ಸೀಳಿದರೆ ಮೂರು ಕಾರಣ: ನೀರು ಕುದ್ದಿರಲಿಲ್ಲ, ನಾದಿದ್ದು ಸಾಲದು, ಇಲ್ಲವೇ ಬೀಸಿದ ಹಿಟ್ಟು ಹಳೆಯದು. ಗಿರಣಿಯಿಂದ ತಂದು ತಿಂಗಳಾದ ಹಿಟ್ಟಿನಲ್ಲಿ ಕೈಪಳಗಿದವರ ರೊಟ್ಟಿಯೂ ಒಡೆಯುತ್ತದೆ, ಎಂಟು ವರ್ಷದವನನ್ನು ಅದರ ಮೇಲೆ ಪರೀಕ್ಷೆ ಮಾಡಬೇಡಿ. ರೊಟ್ಟಿ ಪರಾತಕ್ಕೆ ಅಂಟಿದರೆ ತಿರುಗಿಸುತ್ತಾ ಬಡಿದಿಲ್ಲ ಎಂದರ್ಥ.

ಬೇಯಿಸುವುದು ಹತ್ತು-ಹನ್ನೊಂದರ ಮೇಲೆ, ಪಕ್ಕದಲ್ಲಿ ದೊಡ್ಡವರು ನಿಂತಾಗ. ಹಂಚಿನ ಮೇಲೆ ಹಾಕಿದ ಕೂಡಲೇ ಮೇಲಿನ ಹಿಟ್ಟನ್ನು ಒದ್ದೆ ಅರಿವೆಯಿಂದ ಒರೆಸಬೇಕು. ಆ ನೀರು ಆರುತ್ತಾ ಬಂದಾಗ, ಪೂರಾ ಒಣಗುವ ಮುಂಚೆ ತಿರುವಬೇಕು. ತಡವಾದರೆ ಬಿರುಕು ಬಿಟ್ಟು ರೊಟ್ಟಿ ಉಬ್ಬುವುದಿಲ್ಲ. ನಾನ್‌ಸ್ಟಿಕ್ ತವಾ ಇದಕ್ಕೆ ಆಗಿಬರದು, ಬರಿದಾಗಿ ಅಷ್ಟು ಕಾಸಿದರೆ ಲೇಪ ಹಾಳು. ಒಲೆಯ ಹತ್ತಿರ ಕ್ರಿಕೆಟ್ ಜರ್ಸಿ ಬೇಡ: ಪಾಲಿಸ್ಟರ್ ಬಟ್ಟೆ ಕಿಡಿ ತಗುಲಿದರೆ ಕರಗಿ ಚರ್ಮಕ್ಕೇ ಅಂಟುತ್ತದೆ. ಹಳೇ ಹತ್ತಿ ಬನಿಯನ್ನೇ ಲೇಸು. ಕಟ್ಟೆ ಎತ್ತರವಾದರೆ ಪ್ಲಾಸ್ಟಿಕ್ ಸ್ಟೂಲು ಹಾಕಿಕೊಡುತ್ತಾರೆ, ಒದ್ದೆ ನೆಲದ ಮೇಲೆ ಅದು ಸರಿಯುತ್ತದೆ. ಅಗಲ ಮರದ ಮಣೆ ನೋಡಿ. ಬಡಿಯುವುದಂತೂ ನೆಲದ ಮೇಲೆ ಕೂತೇ ಆಗಲಿ.

ಇಲ್ಲಿ ಸಾಮಾನಿಗೆ ಸಂಬಂಧವಿಲ್ಲದ ಒಂದು ದೋಷವನ್ನೂ ಹೇಳಬೇಕು, ಇದ್ದ ಸಾಮಾನೆಲ್ಲ ಮೂಲೆ ಸೇರುವುದು ಅದರಿಂದಲೇ. ಹುಡುಗ ಎರಡು ರೊಟ್ಟಿ ಬಡಿದರೆ ಮನೆ ಮಂದಿಯೆಲ್ಲ ಮೊಬೈಲ್ ಹಿಡಿದು ನಿಲ್ಲುತ್ತಾರೆ: "ನೋಡ್ರಿ, ಅವ್ವಗ ಎಷ್ಟು ಸಹಾಯ ಮಾಡ್ತಾನ ನಮ್ಮ ರಾಜಾ!" ಅವನ ಅಕ್ಕ ದಿನವೂ ಬಡಿದರೆ ಯಾರೂ ಫೋಟೋ ತೆಗೆಯುವುದಿಲ್ಲ. ಹುಡುಗನಿಗೆ ಇದರಿಂದ ತಿಳಿಯುವುದು ಇಷ್ಟೇ: ಕೆಲಸ ಅವ್ವನದು, ತನ್ನದು ಉಪಕಾರ. ಹೊಗಳಬೇಕೆಂದರೆ ರೊಟ್ಟಿಯನ್ನು ಹೊಗಳಿ, ಅಂಚು ತೆಳ್ಳಗೆ ಬಂದಿದೆ ಅನ್ನಿ, ಮುಂದಿನ ವಾರ ಅದೇ ಕೆಲಸ ಅವನ ಪಾಲಿಗೆ ಬರೆದಿಡಿ. ಮನೆಯಲ್ಲಿ ಅಪ್ಪನ ತಾಟು ಯಾರು ಎತ್ತುತ್ತಾರೆ ಎಂಬುದನ್ನು ಮಗ ದಿನಕ್ಕೆ ಎರಡು ಸಲ ನೋಡುತ್ತಾನೆ, ಅದಕ್ಕೆ ಬದಲಿಯಾಗಿ ನಿಲ್ಲುವ ಸಾಮಾನು ಯಾವ ಪೇಟೆಯಲ್ಲೂ ಇಲ್ಲ.

ಈ ಪಟ್ಟಿಯಲ್ಲಿ ನಮ್ಮ ಪೂರಾ ಅಂಕ ಬಟ್ಟೆಯ ಎಳೆ ಎಣಿಸಿ ಹಾಕುವ ನಮ್ಮ ಕಡೆಯ ಕಸೂತಿಗೆ. ಧಾರವಾಡದವರಾಗಿ ಅಭಿಮಾನಕ್ಕೆ ಹೇಳುವ ಮಾತಲ್ಲ. ಎಣಿಕೆ, ಸಹನೆ, ಕೈಯ ಹಿಡಿತ ಮೂರನ್ನೂ ಒಟ್ಟಿಗೆ ಕೇಳುವ ಇಷ್ಟು ಸೋವಿ ಕೆಲಸ ಇನ್ನೊಂದಿಲ್ಲ. "ಸೂಜಿ ಹಿಡಿದು ಹುಡುಗಿ ಆಗ್ತೀಯೇನು" ಎಂದು ಗೊಣಗುವ ಅಜ್ಜನ ಅಂಗಿ ಹೊಲಿದವನು ಗಂಡಸು, ಅಜ್ಜಿಯ ಕುಪ್ಪಸ ಹೊಲಿದವನೂ ಬಹುಮಟ್ಟಿಗೆ ಗಂಡಸೇ. ಬೆಟಗೇರಿಯ ಮಗ್ಗದ ಮುಂದೆ, ಹಾವೇರಿಯ ಏಲಕ್ಕಿ ಹಾರ ಹೆಣೆಯುವಲ್ಲಿ ಗಂಡಸರ ಕೈಯೂ ಇದೆ. ದುಡ್ಡು ಬರುವ ಸೂಜಿಗೆ ಯಾರ ತಕರಾರೂ ಇಲ್ಲ.

ಸಾಮಾನು: ಧಾರವಾಡದ ಸುಭಾಸ ರಸ್ತೆಯ ಕಡೆಯ ಟೇಲರಿಂಗ್ ಮತ್ತು ಫ್ಯಾನ್ಸಿ ಅಂಗಡಿಗಳಲ್ಲಿ, ಹುಬ್ಬಳ್ಳಿಯ ಪೇಟೆ ಗಲ್ಲಿಗಳಲ್ಲಿ ಮ್ಯಾಟಿ ಬಟ್ಟೆ ಕೇಳಿ. ಇಳಕಲ್ ಸೀರೆಯ ಮೇಲೆ ಎಳೆ ಎಣಿಸಿ ಹಾಕುವುದು ಒಂಬತ್ತು ವರ್ಷದ ಕಣ್ಣಿಗೆ ಆಗದ ಮಾತು. ಮ್ಯಾಟಿಯಲ್ಲಿ ಚೌಕ ಎದ್ದು ಕಾಣುತ್ತವೆ, ಇಂಚಿಗೆ ಹತ್ತು-ಹನ್ನೊಂದು ಚೌಕ ಬರುವುದು ಶುರುವಿಗೆ ಸರಿ. ಕರಿ ಬಟ್ಟೆ ಚೆಂದ ಕಂಡರೂ ಬೇಡ, ಸಂಜೆ ಬೆಳಕಿನಲ್ಲಿ ತೂತು ಕಾಣುವುದಿಲ್ಲ. ಬಿಳಿ ಇಲ್ಲವೇ ಕೆನೆ ಬಣ್ಣದ ಒಂದು ಗೇಣು ಚೌಕದ ತುಂಡು, ಅಂಚು ಮಡಚಿ ಹೊಲಿದಿರಬೇಕು, ಇಲ್ಲದಿದ್ದರೆ ನಾಲ್ಕು ದಿನಕ್ಕೆ ಎಳೆ ಬಿಚ್ಚಿ ಚೌಕವೇ ಸಾಲದಾಗುತ್ತದೆ. ಸೂಜಿ ಮೊಂಡ ತುದಿಯದು, ಟೇಪೆಸ್ಟ್ರಿ 24 ನಂಬರ್. ಚೂಪು ಸೂಜಿ ಬೆರಳನ್ನಷ್ಟೇ ಅಲ್ಲ, ಮೊದಲು ಹಾಕಿದ ದಾರವನ್ನೂ ಚುಚ್ಚಿ ಸೀಳುತ್ತದೆ. ಆಂಕರ್ ದಾರದ ಒಂದು ಲಡಿ 8 ಮೀಟರ್, ಆರು ಎಳೆ. ಈ ಬಟ್ಟೆಗೆ ಮೂರು ಎಳೆ ಸಾಕು. ಆರನ್ನೂ ಒಟ್ಟಿಗೆ ಎಳೆದರೆ ಗಂಟು ಬೀಳುತ್ತದೆ, ಒಂದೊಂದೇ ಎಳೆ ಬಿಡಿಸಿ ಮತ್ತೆ ಕೂಡಿಸಿ. ಉದ್ದ ಒಂದು ಮೊಳ, ಅದಕ್ಕಿಂತ ಹೆಚ್ಚಾದರೆ ಸುತ್ತಿಕೊಂಡು ಹುಡುಗನಿಗೆ ಸಿಟ್ಟು ಬರುತ್ತದೆ. ಕೆಂಪು ದಾರವನ್ನು ಒದ್ದೆ ಬಿಳಿ ಅರಿವೆಯಲ್ಲಿ ಒತ್ತಿ ನೋಡಿ, ಬಣ್ಣ ಹತ್ತಿದರೆ ಆ ಲಡಿ ವಾಪಸ್ಸು. ಮ್ಯಾಟಿ ಗಡಸು ಇರುವುದರಿಂದ ಚೌಕಟ್ಟಿನ ರಿಂಗು ಬೇಕಾಗಿಲ್ಲ, ಅಂಗಡಿಯವರು ಒತ್ತಾಯ ಮಾಡಿದರೂ ಬಿಡಿ.

ಮೊದಲು ಗವಂತಿ, ಅಂದರೆ ಹೋಗಿ ಬಂದು ತುಂಬುವ ಗೆರೆ ಹೊಲಿಗೆ. ಗಂಟು ಹಾಕುವಂತಿಲ್ಲ. ಒಂದಿಂಚು ದಾರ ಹಿಂದೆ ಬಿಟ್ಟು ಬೆರಳಲ್ಲಿ ಒತ್ತಿ ಹಿಡಿದು, ಒಂದು ಚೌಕ ಮೇಲೆ ಒಂದು ಚೌಕ ಕೆಳಗೆ ಹೀಗೆ ಇಪ್ಪತ್ತು ಚೌಕ ಹೋಗಬೇಕು. ತಿರುಗಿ ಬರುವಾಗ ಬಿಟ್ಟ ಜಾಗ ತುಂಬಬೇಕು, ಅದೇ ತೂತುಗಳಲ್ಲಿ. ಎರಡೂ ಮಗ್ಗುಲು ಒಂದೇ ತರ ಕಂಡರೆ ಪಾಸು. ಗೆರೆ ಸೊಟ್ಟಗೆ ಬಂದರೆ ಬರುವಾಗ ಸೂಜಿ ಒಮ್ಮೆ ಹಳೆ ದಾರದ ಮೇಲಿಂದ, ಒಮ್ಮೆ ಕೆಳಗಿನಿಂದ ಹೋಗಿದೆ. ಪ್ರತಿ ಹೊಲಿಗೆಗೂ ಒಂದೇ ಕ್ರಮ ಹಿಡಿದರೆ ನೆಟ್ಟಗಾಗುತ್ತದೆ. ಮುರ್ಗಿ ಅದೇ ಹೊಲಿಗೆಯ ಮೆಟ್ಟಿಲು: ಒಂದು ಅಡ್ಡ, ಒಂದು ಮೇಲೆ. ಆಮೇಲೆ ಹೆಂತೆ, ಅಂದರೆ ಗುಣಾಕಾರ ಚಿಹ್ನೆ. ಇದರಲ್ಲಿ ಮೇಲಿನ ಕಡ್ಡಿ ಎಲ್ಲವೂ ಒಂದೇ ದಿಕ್ಕಿಗೆ ಒರಗದಿದ್ದರೆ ಬಣ್ಣ ಮಚ್ಚೆಮಚ್ಚೆ ಕಾಣುತ್ತದೆ. ನೇಯ್ಗೆಯಂತೆ ಕಾಣುವ ನೇಯ್ಗೆ ಹೊಲಿಗೆ ಕೊನೆಗೆ ಇರಲಿ, ಉದ್ದುದ್ದ ಎಳೆಯನ್ನು ಬಿಗಿದರೆ ಬಟ್ಟೆ ಸುಕ್ಕಾಗುವುದರಿಂದ ಹದ ಗೊತ್ತಾದವರಿಗಷ್ಟೇ ಅದು. ಎಡಗೈ ಹುಡುಗನಿಗೆ ಬಲದಿಂದ ಎಡಕ್ಕೆ ಹೋಗುವುದನ್ನು ತಿರುವಿ ತೋರಿಸಿದರಾಯಿತು, ಕೈ ಬದಲಿಸಬೇಡಿ.

ನಿಜವಾದ ರುಚಿ ಇರುವುದು ದಾರ ಸಾಗುವ ದಾರಿಯಲ್ಲಿ. ಗೋಪುರ, ತುಳಸಿ ವೃಂದಾವನದ ನಕಾಶೆಗೆ ಕೊಂಬೆಕೊಂಬೆಯಾಗಿ ಗೆರೆ ಹೊರಡುತ್ತದೆ. ಪ್ರತಿ ಕೊಂಬೆಯ ತುದಿಗೆ ಹೋಗಿ, ಬಿಟ್ಟ ಚೌಕ ತುಂಬುತ್ತಾ ಬುಡಕ್ಕೆ ಬಂದು, ಮತ್ತೆ ಮುಂದೆ ಹೋಗಿ, ಕೊನೆಗೆ ಶುರು ಮಾಡಿದ ತೂತಿಗೇ ದಾರ ಮುಟ್ಟಬೇಕು. ಎಲ್ಲಿಂದ ಹೊರಟರೆ ಎಲ್ಲಿ ಸಿಕ್ಕಿಬೀಳುತ್ತೇವೆ ಎಂಬುದನ್ನು ಚೌಕಳಿ ಹಾಳೆಯ ಮೇಲೆ ಪೆನ್ಸಿಲ್ಲಿನಿಂದ ಮೊದಲೇ ನಡೆದು ನೋಡಿದ ಹತ್ತು ವರ್ಷದವನು ಅರ್ಧ ತಾಸು ಮೇಲೇಳುವುದಿಲ್ಲ. ಗಂಡುಮಕ್ಕಳಿಗೆ ಹಿಡಿಸಲಿ ಎಂದು ಕ್ರಿಕೆಟ್ ಬ್ಯಾಟು, ಕಾರಿನ ನಕಾಶೆ ಹಾಕಿಸುವವರಿದ್ದಾರೆ. ಬೇಕಾಗಿಲ್ಲ. ಆನೆ, ನಂದಿ, ತೇರು, ಗಿಳಿ ಎಲ್ಲ ಕಸೂತಿಯಲ್ಲಿ ಮೊದಲಿನಿಂದಲೂ ಇವೆ. ಹುಡುಗನದು ಎಂದು ಬೇರೆ ನಕಾಶೆ ಕೊಟ್ಟರೆ ಅಳಿಸಹೊರಟ ಗೆರೆಯನ್ನೇ ದಾರದಲ್ಲಿ ಮತ್ತೆ ಹಾಕಿದಂತಾಯಿತು. ತೇರು ಮಾತ್ರ ಶುರುವಿಗೆ ಬೇಡ, ಅದು ದೊಡ್ಡವರನ್ನೂ ವಾರಗಟ್ಟಲೆ ಕೂರಿಸುತ್ತದೆ.

ಬಟ್ಟೆ ಅಂಗಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಡುಗರ ಕಡೆ ನೀಲಿ, ಬೂದು, ಕಂದು. ಹುಡುಗಿಯರ ಕಡೆ ಬಣ್ಣವಿದೆ, ಜೇಬಿಲ್ಲ. ಹಳದಿ, ತಿಳಿಹಸಿರು, ಹೂವಿನ ಪ್ರಿಂಟಿನ ಹತ್ತಿ ಬಟ್ಟೆಯನ್ನು ಮೀಟರ್ ಲೆಕ್ಕದಲ್ಲಿ ತಂದು ಟೇಲರ್ ಹತ್ತಿರ ಅಂಗಿ ಹೊಲಿಸುವುದೇ ಸುಲಭ. ಬಳೆ ಬೇಕೆಂದು ಹಟ ಮಾಡುವ ಮೂರು ವರ್ಷದವನಿಗೆ ಗಾಜಿನದು ಬೇಡ, ಅರಗಿನದು ಒಂದು ಹಾಕಿ ಬಿಡಿ, ನಾಲ್ಕು ದಿನಕ್ಕೆ ಅವನೇ ಮರೆಯುತ್ತಾನೆ. ಮರೆಯದಿದ್ದರೆ ಹಾಕಿಕೊಳ್ಳಲಿ. "ಬಳಿ ಹಾಕ್ಕೊಂಡು ಕೂಡು ಹೋಗು" ಎನ್ನುವ ಬೈಗುಳ ದೊಡ್ಡವರು ಆಡುವುದನ್ನು ಬಿಟ್ಟರೆ ಬಳೆಯಲ್ಲಿ ಅವಮಾನ ಏನೂ ಉಳಿಯುವುದಿಲ್ಲ.

ಕಡೆಯದಾಗಿ ಒಂದು ಡಬ್ಬಿ, ಹತ್ತು ದಾಟಿದ ಪ್ರತಿಯೊಬ್ಬ ಹುಡುಗನ ಕಪಾಟಿನಲ್ಲಿ ಇರಬೇಕಾದದ್ದು: ಚೂಪು ಸೂಜಿ ಎರಡು, ಬಿಳಿ, ಕರಿ, ನೀಲಿ ದಾರದ ರೀಲು, ಸಣ್ಣ ಕತ್ತರಿ, ಆರೆಂಟು ಗುಂಡಿ. ಶಾಲೆಯ ಅಂಗಿಯ ಗುಂಡಿ 11 ಮಿಲಿಮೀಟರಿನ ಆಸುಪಾಸು ಇರುತ್ತದೆ, ಅಂಗಡಿಗೆ ಹೋಗುವಾಗ ಹಳೆಯದೊಂದನ್ನು ಒಯ್ದು ತೋರಿಸಿ. ಹಾಕುವಾಗ ಎಲ್ಲರೂ ಮಾಡುವ ತಪ್ಪೆಂದರೆ ಗುಂಡಿಯನ್ನು ಬಟ್ಟೆಗೆ ಒತ್ತಿ ಬಿಗಿಯುವುದು. ಕಾಜಿಯ ದಪ್ಪಕ್ಕೆ ಜಾಗ ಉಳಿಯದೆ ಎರಡು ಸಲ ಹಾಕಿ ತೆಗೆಯುವುದರೊಳಗೆ ದಾರ ಹರಿಯುತ್ತದೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ಅದರ ಮೇಲಿಂದ ಎರಡೆಳೆ ದಾರ ಪ್ರತಿ ಜೋಡಿ ತೂತಿಗೆ ಮೂರು ನಾಲ್ಕು ಸಲ ಹಾಯಿಸಿ, ಕಡ್ಡಿ ತೆಗೆದು, ಗುಂಡಿಯನ್ನು ಮೇಲಕ್ಕೆಳೆದು ಕೆಳಗಿನ ಸಡಿಲ ದಾರಕ್ಕೆ ನಾಲ್ಕು ಸುತ್ತು ಸುತ್ತಿ, ಬಟ್ಟೆಯ ಹಿಂದೆ ಗಂಟು ಹಾಕಿ ಕತ್ತರಿಸಲಿ. ಕತ್ತರಿ ಕೊಳ್ಳುವಾಗ ಅಂಗಡಿಯಲ್ಲೇ ದಾರ ಕತ್ತರಿಸಿ ನೋಡಿ. ಶಾಲೆಯ ಕ್ರಾಫ್ಟ್ ಕತ್ತರಿ ಕಾಗದಕ್ಕೆ ನಡೆಯುತ್ತದೆ, ದಾರವನ್ನು ಜಗಿಯುತ್ತದೆ.